ತಾಟಿಗೆ ಹಚ್ಚಿದ ಎಣ್ಣೆ

ಮಸ್ಕಿ ಬಸ್ ನಿಲ್ದಾಣದಲ್ಲಿ ಲಿಂಗಸುಗೂರು ಬಸ್ಸು ಎಂದಿನಂತೆ ತಡ. ಪಕ್ಕದ ಕಲ್ಲುಬೆಂಚಿನ ಮೇಲೆ ತಾಯಿ, ಮಗ ಕೂತಿದ್ದರು. ಮಗನ ಮೊಣಕೈಗೆ ಬ್ಯಾಂಡೇಜು. ತೊಡೆಯ ಮೇಲಿನ ಚೀಲದಿಂದ ಸೈಕಲ್ಲಿನ ಹಳೆಯ ಡಿಸ್ಕ್ ಬ್ರೇಕು ಇಣುಕುತ್ತಿತ್ತು.

“ಇದನ್ನ ಲಕ್ಷ್ಮಣನ ಮುಂದ ಒಗದು ಬರ್ತೀನವ್ವ. ದೋಸ್ತ ಅಂತ ನಂಬಿ ಅವನ ಹಳೇ ಬ್ರೇಕ್ ನನ್ನ ಸೈಕಲ್ಲಿಗೆ ಕೂಡಿಸಿದೆ. ಗುಡ್ಡ ಇಳಿಯೋವಾಗ ಎಷ್ಟು ಹಿಡಿದ್ರೂ ನಿಲ್ಲಲಿಲ್ಲ.”

“ಮೊದಲ ಚಲೋ ಇತ್ತಲ್ಲೋ?”

“ಮಹಾನವಮಿ ತನಕ ಕಚ್ಚಿ ಹಿಡೀತಿತ್ತು.”

“ಮಹಾನವಮಿಗೆ ನಾ ಪೂಜಿನೂ ಮಾಡೀನಿ. ಗಾಲ್ಯಾಗಿನ ಆ ಉಕ್ಕಿನ ತಾಟಿಗೆ ಕುಸುಬಿ ಎಣ್ಣಿನೂ ಹಚ್ಚೀನಿ.”

“ತಾಟಿಗೆ ಎಣ್ಣಿ?”

“ಇದು ಎಣ್ಣಿ ಮ್ಯಾಲೆ ನಡಿಯೋ ಬ್ರೇಕ್ ಅಂತ ನೀನ ಹೇಳಿದ್ದಿಯಲ್ಲ.”

“ಆ ಎಣ್ಣಿ ಪೈಪಿನ ಒಳಗ ಇರ್ತದವ್ವ. ತಾಟಿಗೆ ಹತ್ತಿದ್ರ ಬ್ರೇಕ್ ಜಾರ್ತದ.”

ತಾಯಿ ಮಗನ ಮೊಣಕೈಯ ಬ್ಯಾಂಡೇಜನ್ನು ಮೆಲ್ಲಗೆ ಸವರಿದಳು.

“ಹಂಗಾದ್ರ ನಿನ್ನ ನಾನ ಕೆಡವಿದಂಗಾತು.”

“ಹಂಗ್ಯಾಕ ಅಂತಿ. ನಾನ ಸರಿಯಾಗಿ ಹೇಳಿದ್ದಿಲ್ಲ.”

ಬಸ್ಸು ಬಂತು. ಮಗ ಬ್ರೇಕನ್ನು ಒಳಗೆ ತಳ್ಳಿ ಚೀಲದ ಬಾಯಿ ಕಟ್ಟಿದ.

“ಮತ್ತ ಈಗ ಲಿಂಗಸುಗೂರಿಗ್ಯಾಕ? ಮನಿಗೆ ಹೋಗೂಣು ನಡಿ.”

“ಫೋನ್‌ನ್ಯಾಗ ಲಕ್ಷ್ಮಣಗ ಬಾಯಿಗೆ ಬಂದಂಗ ಬೈದೀನವ್ವ. ತಪ್ಪಾತು ಅನ್ನೂದು ಮುಖಾ ನೋಡಿ ಅನ್ನಬೇಕು.”

ಮೆಟ್ಟಿಲ ಹತ್ತಿರ ತಾಯಿ ನಿಂತಳು.

“ಬರೂ ಹಬ್ಬಕ್ಕ ಎಣ್ಣಿ ಎಲ್ಲಿ ಹಚ್ಚಲಪ್ಪ?”

“ನನ್ನ ತಲಿಗೆ ಹಚ್ಚು,” ಎಂದ ಮಗ, ಅವಳ ಕೈ ಹಿಡಿದು ಬಸ್ಸು ಹತ್ತಿಸಿದ.