ತುಟಿಗೆ ಮುಟ್ಟಿಸಿದ ಚಿಪ್ಪು

...ಹಾಗಾಗಿ ಬೆಕ್ಕು ರಾಜೀನಾಮೆ ಕೊಟ್ಟಿದೆ ಅಂತಲೇ ತಿಳ್ಕೊಳೇ. ಗಂಭೀರ ವಿಷಯ ಇದು! ಒಂಬತ್ತು ವರ್ಷ ಮೀನುಗಾರನ ಮನೇಲಿ ಸೇವೆ ಮಾಡಿದ ಪ್ರಾಣಿ, ಇವತ್ತು ಬೆಳಿಗ್ಗೆ ಕ್ಷೌರದಂಗಡಿ ಸೇರ್ಕೊಂಡಿದೆ. ಅಲ್ಲೇನು ಸಿಗುತ್ತೆ, ಕೂದಲಾ? ಯಾಕೆ, ನಗು ಬರ್ಲಿಲ್ವಾ?

ಸರಿ, ಮುನಿಸಿಕೋ.

ಬಲೆ ಹಾಕ್ದೆ ಕಣೇ, ಹಾಕದೆ ಇರ್ತೀನಾ? ಇಪ್ಪತ್ತೆರಡು ದಿನ. ಕಡಲಿಗೆ ಕೈ ಇಟ್ರೆ ಬಚ್ಚಲ ನೀರಿನ ಥರ ಬಿಸಿ. ಮೀನಿಗೇನು ಹುಚ್ಚಾ ಇಲ್ಲಿರೋಕೆ? ತಣ್ಣಗಿರೋ ಆಳಕ್ಕೆ ಹೋದವು. ಅಲ್ಲಿಗೆ ನಮ್ಮ ದೋಣಿ ಹೋಗಲ್ಲ. ನಿನ್ನೆ ಮಕ್ಕಳಿಗೆ ಸಿಕ್ಕಿದ್ದು ನಾಲ್ಕು ಬಿಸ್ಕತ್ತು. ಅದನ್ನೂ ನೀನು ನೀರಲ್ಲಿ ನೆನೆಸಿ ದೊಡ್ಡದು ಮಾಡಿದೆ.

ಅದಕ್ಕೇ ಕಪ್ಪೆಚಿಪ್ಪು ಆಯ್ದು ತಂದೆ. ಬುಟ್ಟಿ ತುಂಬ! ದೊಡ್ಡೋಳು ಕುಣಿದಳಲ್ಲ. ಚಿಕ್ಕೋಳು ಆಗ್ಲಿಂದ ತಟ್ಟೆ ಹಿಡ್ಕೊಂಡೇ ಕೂತಿದ್ದಾಳೆ. ಹಂಗೆ ನೋಡಬೇಡ ನನ್ನ. ಆಚೆ ಬಂಡೆಯಿಂದ ಕಿತ್ತದ್ದು ಇವು. ಕೆಂಪು ನೀರು ನಿಂತಿರೋ ಕೊಲ್ಲಿಯದಲ್ಲ. ಅಲ್ಲಿ ‘ವಿಷ’ ಅಂತ ಬೋರ್ಡ್ ಹಾಕಿದ್ದಾರೆ. ನಂಗೆ ಓದೋಕೆ ಬರಲ್ವಾ?

ತುಟಿಗೆ ಮುಟ್ಟಿಸಿದೆ. ಮುಟ್ಟಿಸಿದೆ ಅಂದ್ನಲ್ಲ! ಅಪ್ಪ ಕಲಿಸಿದ್ದು ಅದೊಂದನ್ನೇ: ತಂದವನೇ ಮೊದಲು ಒಂದು ಚೂರು ತುಟಿಗೆ ಒತ್ತಿಕೊಂಡು ನಿಲ್ಲಬೇಕು, ಜೋಮು ಹಿಡಿದರೆ ಬುಟ್ಟಿ ಸಮೇತ ಸಮುದ್ರಕ್ಕೆ. ಹಿಡೀಲಿಲ್ಲ.

ಏನೇ ಅದು, ತುಟಿ ತೋರಿಸ್ತೀಯ? ನಂದಾ? ...ನಿಂದಾ? ಜೋಮಾ?

ಬೇಯಿಸ್ತಾ ಉಪ್ಪು ನೋಡಿದೆಯಾ? ಎಷ್ಟು? ಒಂದು ಚಮಚ? ಎರಡಾ? ಬಾಯಿಬಿಟ್ಟು ಹೇಳೇ! ಬೈಯಾದ್ರೂ ಬೈಯೇ, ದಿನಾ ಬೈತೀಯಲ್ಲ, ಹಾಳಾದವನೇ ಅಂತ... ಏನಾದ್ರೂ ಅನ್ನೇ!

...ಮುಟ್ಟಿಸಲಿಲ್ಲ ಕಣೇ. ಕೊಲ್ಲಿಯದೇ. ಬಂಡೆ ಮೇಲಿನವು ಬಿಸಿಲಿಗೆ ಬೆಂದು ಬಾಯಿ ಬಿಟ್ಟಿವೆ, ಎಲ್ಲಾ ಖಾಲಿ. ಬದುಕಿರೋದು ಕೊಲ್ಲಿಯಲ್ಲೇ. ಚೂರು ಕೈಗೆ ತಗೊಂಡೆ, ತುಟಿ ತನಕ ತಂದೆ. ಜೋಮು ಹಿಡಿದರೆ ಚೆಲ್ಲಬೇಕಲ್ಲ ಅನ್ನಿಸ್ತು... ಚೆಲ್ಲೋ ಶಕ್ತಿ ಇರಲಿಲ್ಲ. ಅದಕ್ಕೇ ಮುಟ್ಟಿಸಲಿಲ್ಲ.

ಪುಟ್ಟಿ, ತಟ್ಟೆ ಇಡು ಕೆಳಗೆ! ಮುಟ್ಟಬೇಡ! ದೊಡ್ಡೋಳೇ, ಓಡು, ಪಕ್ಕದ್ಮನೆ ಗಾಡಿಯವರನ್ನ ಕೂಗು, ಅಮ್ಮನ್ನ ಆಸ್ಪತ್ರೆಗೆ... ಓಡೇ!

ನನ್ನ ಹೆಗಲು ಹಿಡ್ಕೋ. ಕಣ್ಣು ಮುಚ್ಚಬೇಡ, ಉಸಿರು ಎಳ್ಕೋ... ಹಾಂ, ಇನ್ನೊಂದು ಸಲ. ಮಕ್ಕಳು ತಿಂದಿಲ್ಲ ಕಣೇ, ಕೇಳಿಸ್ತಾ? ಒಂದು ತುತ್ತೂ ತಿಂದಿಲ್ಲ. ಪಾತ್ರೆ ಪೂರ್ತಿ ಚೆಲ್ಲಿದ್ದೀನಿ. ಮನೇಲಿ ಬೇರೇನೂ ಇಲ್ಲ.