ಬೀಗ ಬಿದ್ದ ಖಣದ ಪುಸ್ತಕ

ತಾಯಂದಿರೇ, ಶರಣರೇ, ನೇಕಾರರ ಊರೊಂದರಲ್ಲಿ ಮುರಿಗೆಪ್ಪ ಎಂಬ ಶ್ರೀಮಂತನಿದ್ದ. ರವಿಕೆಯ ಖಣದ ವ್ಯಾಪಾರ ಅವನದು. ಅವನ ಮನೆಯಲ್ಲಿ ಅಜ್ಜನ ಕಾಲದ ಒಂದು ಮಾದರಿ ಪುಸ್ತಕವಿತ್ತು. ಊರಿನ ಯಾವ ಮಗ್ಗದಲ್ಲಿ ಹೊಸ ವಿನ್ಯಾಸ ಹುಟ್ಟಿದರೂ ಅಜ್ಜ ಅದರ ಅಂಗೈಯಗಲದ ತುಂಡೊಂದನ್ನು ಗಂಜಿಯಿಂದ ಪುಟಕ್ಕೆ ಅಂಟಿಸಿ, ನೇಯ್ದವರ ಹೆಸರು, ಎಳೆಗಳ ಲೆಕ್ಕ ಬರೆದಿಡುತ್ತಿದ್ದ. ಸೂಜಿಮಲ್ಲಿಗೆ, ಬಿಲ್ವಪತ್ರೆ, ಆನೆಹೆಜ್ಜೆ, ಹೀಗೆ ಇನ್ನೂರಕ್ಕೂ ಹೆಚ್ಚು. ಪುಸ್ತಕ ಪಡಸಾಲೆಯಲ್ಲೇ ಇರುತ್ತಿತ್ತು. ಮರೆತವರು ಬಂದು ಎಳೆ ಎಣಿಸಿಕೊಂಡು ಹೋಗುತ್ತಿದ್ದರು.

ಅಜ್ಜನ ನಂತರ ಪುಸ್ತಕ ಕೈಗೆ ಬಂದಾಗ ಮುರಿಗೆಪ್ಪನಿಗೆ ಭಯ. ಯಾರಾದರೂ ಕದ್ದು ನೇಯ್ದರೆ? ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದ. ನೋಡಿ, ನೇಕಾರರದನ್ನು ನೇಕಾರರೇ ಕದಿಯುತ್ತಾರೆಯೇ?

ಒಂದು ದಿನ ನೇಕಾರರ ಸಂಗವ್ವ ಬಂದಳು. ಅವಳ ಗಂಡ ತೀರಿ ವರ್ಷವಾಗಿತ್ತು.

"ಧಣ್ಯಾರ, ನಮ್ಮ ಮನಿಯವ್ರು ನೇಯ್ದ ಆನಿಹೆಜ್ಜಿ ನಿಮ್ಮ ಪುಸ್ತಕದಾಗ ಐತ್ರಿ. ಒಂದ್ಸಲ ತೋರಸ್ರಿ. ಕಣ್ಣು ಮಂಜಾಗಾಕತ್ತಾವ. ಅವು ಇರೋದ್ರಾಗ ಮಗಳಿಗೆ ಕಲಿಸ್ತೀನಿ."

"ಅದು ಮಂದಿಗೆ ತೋರ್ಸೂದಲ್ಲಬೇ," ಎಂದ ಮುರಿಗೆಪ್ಪ.

"ನಾ ಮಂದಿ ಅಲ್ರಿ."

ಅವನು ಪೆಟ್ಟಿಗೆಯ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಅವಳು ಸೆರಗು ಹೊದ್ದು ಮೆಟ್ಟಿಲಿಳಿದಳು.

ಎಂಟು ವರ್ಷ ಕಳೆದವು. ಮುರಿಗೆಪ್ಪನ ಮಗಳಿಗೆ ಮದುವೆ ಗೊತ್ತಾಯಿತು. "ಅಪ್ಪಾ, ಅಜ್ಜಿ ತೊಡತಿದ್ಲಲ್ಲ, ಆ ಆನಿಹೆಜ್ಜಿ ಖಣನ ನನಗ ಬೇಕು," ಎಂದಳು. ಅಜ್ಜಿಯ ಖಣ ಎಂದೋ ಹರಿದುಹೋಗಿತ್ತು. ಅವನು ಪೆಟ್ಟಿಗೆ ತೆರೆದ. ಗಂಜಿಯ ರುಚಿಗೆ ಹುಳು ಬಿದ್ದು ಕಾಗದ ಜರಡಿಯಾಗಿತ್ತು. ಹೆಸರಿಲ್ಲ, ಲೆಕ್ಕವಿಲ್ಲ. ಪುಟ ತಿರುವಿದರೆ ಬಟ್ಟೆ ಪುಡಿಯಾಗಿ ತೊಡೆಯ ಮೇಲೆ ಸುರಿಯಿತು. ಉಳಿದದ್ದು ಒಂಬತ್ತು ಚೂರು. ಕಾಯುತ್ತೇನೆಂದು ಹೇಳಿ ಹುಳಕ್ಕೆ ಉಣಬಡಿಸಿದೆನಲ್ಲ ಎಂದುಕೊಂಡ.

ಆ ಚೂರುಗಳನ್ನು ಶಲ್ಯದಲ್ಲಿ ಕಟ್ಟಿಕೊಂಡು ಸಂಗವ್ವನ ಮನೆಗೆ ಹೋದ. ಅವಳ ಕಣ್ಣು ಪೂರ್ತಿ ಹೋಗಿತ್ತು. ಒಂದೊಂದನ್ನೇ ಬೆರಳಿನಿಂದ ಸವರುತ್ತಾ ಒಂದು ಚೂರಿನ ಮೇಲೆ ಬೆರಳು ನಿಲ್ಲಿಸಿದಳು.

"ಇದು ಅವರದ ಕೈ. ಆದ್ರ ಅರ್ಧಾ ಇಲ್ಲಲ್ರಿ, ಧಣ್ಯಾರ?"

"ಹುಳಾ ತಿಂದಾವಬೇ. ತಪ್ಪು ನಂದು."

ಸಂಗವ್ವ ಆ ಚೂರನ್ನು ಮತ್ತೊಮ್ಮೆ ಸವರಿದಳು. "ಅವತ್ತ ತೋರ್ಸಿದ್ರ ಮಗಳ ಕೈಯಾಗ ಪೂರಾ ಇರ್ತಿತ್ತು," ಎಂದಳು. ಬೈಯಲಿಲ್ಲ. ಮಗಳನ್ನು ಕರೆದು, ಉಳಿದರ್ಧವನ್ನು ಉಗುರಿನಿಂದ ಮೀಟಿ ಮೀಟಿ ಎಣಿಸಿ ಹೇಳಿಕೊಟ್ಟಳು. ಮದುವೆಗೆ ಖಣ ಬಂತು. ಅದರಲ್ಲಿದ್ದದ್ದು ಅರ್ಧವೇ ಹೆಜ್ಜೆ. ಇನ್ನರ್ಧ ಈ ಭೂಮಿಯ ಮೇಲೆ ಎಲ್ಲಿಯೂ ಇಲ್ಲ.

ಮುರಿಗೆಪ್ಪನ ಕಥೆ ಕೇಳಿ ಅಯ್ಯೋ ಅಂದಿರಿ. ಈಗ ನಿಮ್ಮನ್ನೇ ಕೇಳುತ್ತೇನೆ. ತಾಯಿ, ನಿಮ್ಮ ಕಸೂತಿಯನ್ನು ಸೊಸೆಗೆ ಕಲಿಸಿದ್ದೀರಾ, ಇಲ್ಲ "ಅಕಿ ಬ್ಯಾರೆ ಮನಿಯಾಕಿ" ಎಂದು ಮುಚ್ಚಿಟ್ಟಿದ್ದೀರಾ? ಬಡಿಗರೇ, ಬಾಗಿಲಿಗೆ ಕೆತ್ತುವ ಬಳ್ಳಿಯ ಅಳತೆ ನಿಮ್ಮ ತಲೆಯಲ್ಲೇ ಉಳಿದಿದೆಯೇ? ಬಚ್ಚಿಟ್ಟ ವಿದ್ಯೆ ಉಳಿಯುವುದಿಲ್ಲ, ಉಳಿಯುವುದಿಲ್ಲ. ಇಂದು ಮನೆಗೆ ಹೋಗಿ. ಊಟಕ್ಕೆ ಮೊದಲು ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಲ್ಲದ್ದೊಂದನ್ನು ಕಲಿಸಿ. ತಪ್ಪು ಮಾಡಿದರೆ ಬಿಚ್ಚಿಸಿ ಮತ್ತೆ ಮಾಡಿಸಿ. ನಾಳೆ ಅನ್ನಬೇಡಿ. ಕೇಳುವವರು ಎರಡನೆಯ ಸಲ ಬಾಗಿಲಿಗೆ ಬರುವುದಿಲ್ಲ.