ಯೂಸುಫನ ಗ್ಯಾರೇಜು ಇನ್ನ ಬ್ಯಾಡ

...ಅಂದ್ರ ನನಗ ತಿಳಿಯೂದಿಲ್ಲ ಅಂತೀಯೇನು? ಹೇಳು, ಸುಶ್ಮಿತಾ, ಹೇಳು! ಗದಗಿನ ಕಾನ್ವೆಂಟಿನ್ಯಾಗ ಸಿಸ್ಟರ್‌ಗಳ ಕೈಯಾಗ ವಿಜ್ಞಾನ ಕಲ್ತಾಕಿ ನಾನು. ಅತ್ತಿ ಅಂದ್ರ ಬರೇ ಹೋಳಿಗಿ ಲಟ್ಟಸಾಕಿ ಅಂತ ತಿಳದಿ ಕಾಣ್ತೈತಿ. ಆ ಮೊಬೈಲ್ ಇತ್ತ ಹಿಡಿ. ಚಸ್ಮಾ ಎಲ್ಲಿ ಹೋತು... ತಲಿ ಮ್ಯಾಲೇ ಐತಾ? ಐತಿ ಅಂತ ನನಗೂ ಗೊತ್ತಿತ್ತು. ನಗಬ್ಯಾಡ.

ಮೊದಲ ಆ ಕರೀ ಸಾಮಾನ ಊಟದ ಟೇಬಲ್ ಮ್ಯಾಲಿಂದ ತಗಿ. ಪೇಪರ್ ಹಾಸಿದ್ರೇನಾತು? ಎಣ್ಣಿ ಎಣ್ಣೀನ. ಸತ್ತ ಟರ್ಬೋ ಮುಂದ ಇಟಗೊಂಡು ಮೊಬೈಲಿನ್ಯಾಗ ಹೊಸಾ ಟರ್ಬೋ ಆರಸಾಕತ್ತಿ... ಹೆಣದ ಮುಂದ ಕುಂತು ಎರಡನೇ ಸಂಬಂಧ ನೋಡಿದಂಗ ಆತು!

ಹೂಂ, ತೋರಸು. ಇವೇನು? ಪಿಸ್ಟನ್. ನಿಮ್ಮ ಮಾವನ ಗಾಡ್ಯಾಗ ಮೊದಲ ಇದ್ದಿದ್ದಿಲ್ಲೇನು? ಇದ್ದೂ, ಆದ್ರ ಅವು ಎರಕಾ ಹೊಯ್ದದ್ದು, ಇವು ಬಡದು ಮಾಡಿದ್ದು... ಎಷ್ಟ ಒತ್ತಡಾ ಬಂದ್ರೂ ತಾಳಿಕೊಳ್ತಾವ. ಆತು, ತಿಳೀತು. ಅಲ್ಲವಾ, ಮದುವಿಗೆ ಮುಂಚೆ ನನ್ನ ಮಗಾ ಮೌನೇಶನ್ನ ಇಷ್ಟು ಕಾಳಜೀಲೆ ಪರೀಕ್ಷಾ ಮಾಡಿದ್ದೇನು ನೀ? ಮಾಡಿರಬೇಕು ಬಿಡು. ಅವನೂ ಭಾಳ ತಾಳಿಕೊಳ್ತಾನ.

ಇದು ಕ್ಯಾಮ್‌ಶಾಫ್ಟ್. ಏನು ಮಾಡ್ತೈತಿ? ವಾಲ್ವ್ ಹೆಚ್ಚು ಹೊತ್ತು ತೆರದು ಹಿಡೀತೈತಿ. ಬಾಜೂ ಮನಿ ಅಮೃತವ್ವನ ಬಾಯಿ ಇದ್ದಂಗ! ಆಕಿಗೆ ಯಾವ ಕಂಪನೀದು ಹಾಕ್ಯಾರ ಕೇಳಿ ತರಸು, ಸವೆಯೂದ ಇಲ್ಲ. ಮತ್ತ ಇದು? ಇಂಟರ್‌ಕೂಲರ್... ಟರ್ಬೋ ಒತ್ತಿ ಕಳಿಸಿದ ಗಾಳೀನ ತಣ್ಣಗ ಮಾಡಾಕ. ಗದಗಿನ್ಯಾಗ! ಕಪ್ಪತಗುಡ್ಡದ ಗಾಳಿಗೆ ನಮ್ಮ ಮಾಳಗಿ ಮ್ಯಾಲೆ ಒಣಹಾಕಿದ ಸೀರಿ ಮೂರನೇ ಮನ್ಯಾಗ ಸಿಗ್ತೈತಿ. ಇಲ್ಲಿ ಗಾಳಿ ಕೊಂಡು ತರೂ ಮಂದಿ ನೀವ ಮೊದಲು.

ಟರ್ಬೋ ಎರಡು ಥರಾ ಅದಾವ ಅಂದಿ. ಸಣ್ಣದು ಜಲ್ದಿ ಎಚ್ಚರಾಗ್ತೈತಿ. ದೊಡ್ಡದು ತಡಾ ಮಾಡಿ ಎದ್ದು, ಒಮ್ಮೆಲೇ ಒದೀತೈತಿ. ನಿಮ್ಮ ಮಾವನ ಸಿಟ್ಟು ದೊಡ್ಡ ಟರ್ಬೋನ ಇತ್ತು ಹಂಗಾರ... ಮುಸಿ ಮುಸಿ ಯಾಕ ನಗ್ತಿ? ನಕ್ಕರ ಪೂರಾ ನಗು, ಇಲ್ಲಾ ಬಾಯಿ ಮುಚ್ಚಿಕೊಂಡಿರು. ಪಾಪ, ಅವರು ಆ ಗಾಡೀಲೆ ಲಕ್ಷ್ಮೇಶ್ವರಕ್ಕ ಹೋಗಿ ಬಂದ್ರ ಅದ ದೊಡ್ಡ ಪ್ರವಾಸ. ಈಗ ಅದ ಗಾಡಿ ರೇಸಿಗೆ! ನಮ್ಮ ಸೊಸಿ ಒಳಗ ಹೆಲ್ಮೆಟ್ ಹಾಕ್ಕೊಂಡು, ಬೆಲ್ಟು ಬಿಗದು ಕುಂತಿರ್ತಾಳ. ಗಾಡಿ ಮಗಚಿ ಬಿದ್ದರೂ ಏನೂ ಆಗೂದಿಲ್ಲ ಅತ್ತಿ, ಅಂದಿ. ನಕ್ಕೋಂತ ಅಂದಿ. ನಾನೂ ನಕ್ಕೆ.

ಇರಲಿ. ಸಣ್ಣದರ ತರಸು, ದೊಡ್ಡದರ ತರಸು, ನಾ ಒಂದು ಮಾತೂ ಆಡೂದಿಲ್ಲ. ಆದ್ರ ಯೂಸುಫನ ಗ್ಯಾರೇಜು ಇನ್ನ ಬ್ಯಾಡ. ಈಗಿಂದೀಗ ಫೋನ್ ಮಾಡಿ ಹೇಳಿಬಿಡು. ಗಾಡಿ ಹುಬ್ಬಳ್ಳಿಗೆ ಒಯ್ತೀವಿ, ರೇಸಿಗೆ ಅಲ್ಲೇ ತಯಾರ ಮಾಡಸ್ತೀವಿ ಅಂತ. ಎದಕಂದ್ರ? ಕೇಳ್ತೀಯಲ್ಲ! ಹೊಚ್ಚ ಹೊಸಾ ಟರ್ಬೋ ಮುಂಡರಗಿ ರೋಡಿನ್ಯಾಗ ಹೊಗಿ ಉಗುಳಿ ನಿಂತು, ಟ್ರ್ಯಾಕ್ಟರಿಗೆ ಕಟ್ಟಿ ಎಳಕೊಂಡು ಬಂದ್ರಲ್ಲ ನಿನ್ನ? ಕೋರ್ಲಹಳ್ಳಿ ಮಂದಿ ಎಲ್ಲಾ ನಿಂತು ನೋಡಿದ್ರಂತ. ಒಳಗ ಎಣ್ಣಿ ಮುಟ್ಟಲಾರದ ಸುಟ್ಟೈತಿ ಅಂತ ಯೂಸುಫನ ಹೇಳ್ಯಾನ. ಮತ್ತ ಜೋಡಿಸಿದಾವ ಯಾರು? ಅವನ. ಮೌನೇಶ ಬೈದಾಗ ಒಂದು ಮಾತೂ ತಿರುಗಿ ಆಡಲಿಲ್ಲಂತ ಅಂವಾ... ತಪ್ಪು ಇದ್ದಾವ ಹೆಂಗ ಆಡ್ತಾನ?

ಮನಷ್ಯಾ ಚಲೋ ಇದ್ದಾನ, ಇಲ್ಲ ಅನ್ನೂದಿಲ್ಲ. ಶಿಸ್ತು ಇಲ್ಲ. ಅಷ್ಟು ನಾಜೂಕ ಸಾಮಾನ, ಕಿಟಕಿ ಬಾಜೂ ಹಲಗಿ ಮ್ಯಾಲೆ, ತೂತು ಮ್ಯಾಲ ಮಾಡಿ ಇಟ್ಟು, ಒಂದು ಅರಿವಿ ಸುದ್ದಾ ಮುಚ್ಚದ, ಬಾಗಲಾ ಹಾಕದ ಜುಮ್ಮಾ ನಮಾಜಿಗೆ ಹೋಗಿಬಿಡೂದಂದ್ರ!

...ಏನು? ಹಂಗ್ಯಾಕ ನೋಡ್ತಿ? ನನಗ ಹೆಂಗ ಗೊತ್ತು ಅಂತೇನು? ಅಮೃತವ್ವ ಹೇಳಿದ್ಲು. ಹೋದ ಶುಕ್ರವಾರ ಆಕಿ ಅದ ಹಾದಿಗುಂಟ... ಅಮಾಸಿ ಇತ್ತಲ್ಲ, ಗುಡಿಗೆ ಹೊಂಟಿದ್ಲು. ಆಕೀದೇನು ಬಿಡು, ಅಮಾಸಿ ಬಂತಂದ್ರ ಮಮ್ಮಗನ ಸೈಕಲ್ಲಿಗೂ ಕಾಯಿ ಒಡದು, ಲಿಂಬಿಹಣ್ಣು ಕಟ್ಟಾಕಿ. ನಮ್ಮ ಮನ್ಯಾಗ ಅವೆಲ್ಲಾ ನಡಿಯೂದಿಲ್ಲ. ನಾ ಈ ಮನಿಗೆ ಬಂದ ವರ್ಷನ ಎಲ್ಲಾ ನಿಲ್ಲಿಸೀನಿ. ಹಿರ್ಯಾರ ಮುಂದ ನಿಂತು ಹೇಳಿದ್ದೆ, ಮೊದಲ ಬ್ರೇಕು ನೋಡ್ರಿ, ದೃಷ್ಟಿ ಆಮ್ಯಾಲೆ ತಗೀರಿ ಅಂತ! ನಿಮ್ಮ ಮಾವಗ ಅದ ಮಾತು ಭಾಳ ಸೇರಿತ್ತು...

ಆ ಪಿನ್ನು ತಲಿಯಿಂದ ಯಾಕ ತಗದಿ? ಊಟ ಮಾಡೂ ಜಾಗಾದಾಗ ಕೂದಲಾ ಬಿಚ್ಚಬಾರದು, ಎಷ್ಟ ಸಲಾ ಹೇಳಬೇಕು... ಏ, ಆ ತೂತಿನ್ಯಾಗ ಏನು ಕೆದರಾಕತ್ತಿ? ಎಣ್ಣಿ ಹೋಗೂ ದಾರಿ ಏನದು? ಬಿಡು. ಸತ್ತದ್ದನ್ನ ಕೆದರಿ ಏನು ಬರೂದೈತಿ? ಸುಶ್ಮಿತಾ, ಬಿಡು ಅಂದೆ.

ಬಿಡು ಅಂದೆನಲ್ಲವಾ...

ಕಲ್ಲಿನ ಹಳ್ಳು ಇರಬೇಕು. ಒರಸಬ್ಯಾಡ, ಅದು ನನ್ನ ಕರವಸ್ತ್ರ! ...ಅಕ್ಕಿಕಾಳಾ? ಇದ್ದೀತು. ಯೂಸುಫ ಅಲ್ಲೇ ಡಬ್ಬಿ ಬಿಚ್ಚಿ ಉಂಡಿರ್ತಾನ. ನಾ ಹೇಳಲಿಲ್ಲ, ಶಿಸ್ತಿಲ್ಲ ಅಂತ? ಹಳದಿ ಐತಿ ನೋಡು, ಬಿರಿಯಾನೀದು. ಖರೇ ಬಿರಿಯಾನೀದ... ಛೀ, ಹಲ್ಲಿಗೆ ಯಾಕ ಹಾಕ್ತಿ!

ಕಟ್ ಅಂತು. ಹೌದು, ನನಗೂ ಕೇಳಿಸ್ತು. ಕೆಲವರು ಅನ್ನಾ ಅರ್ಧಮರ್ಧ ಬೇಸ್ತಾರ...

ಇನ್ನೊಂದು ಬಂತಾ?

ಫೋನ್ ಯಾಕ ಕೆಳಗಿಟ್ಟಿ? ಏನರ ಅನ್ನು. ನಮ್ಮತ್ತಿ ಶಾಣ್ಯಾಕಿ ಅನ್ನು, ಅಮೃತವ್ವನ್ನ ಕರದು ಹೇಳು, ನಾಳೆ ಮುಂಜಾನೆ ಅನ್ನೂದ್ರಾಗ ಇಡೀ ಬೆಟಗೇರಿಗೆ ಮುಟ್ಟಿರ್ತೈತಿ. ...ಸುಶ್ಮಿತಾ?

ಗ್ಯಾರೇಜಿನ ಬಾಗಲಾ ತೆರದ ಇತ್ತು. ಒಳಗ ಯಾರೂ ಇರಲಿಲ್ಲ. ಇದ್ದಿದ್ರ ನಾ ಮೆಟ್ಟಲಾ ಸುದ್ದಾ ಹತ್ತತಿರಲಿಲ್ಲ. ಒಂದ ಮುಟಗಿ... ಎಲ್ಲಿ ಬಿತ್ತು, ಯಾವ ತೂತಿನ್ಯಾಗ ಬಿತ್ತು ಅಂತ ಯಾರು ನೋಡ್ತಾರ? ಕಣ್ಣು ಮುಚ್ಚಿದ್ದೆ.

ಆ ಕಬ್ಬಿಣಕ್ಕ ಹಾಕಿದ್ದಲ್ಲ ಅದು. ಆ ಗಾಡ್ಯಾಗ ಕುಂಡ್ರಾಕಿ ನೀನು. ಅಕ್ಷತಿ ನಿನ್ನ ತಲಿಗೆ ಹಾಕಬೇಕಂದ್ರ, ಬಗ್ಗವ್ವಾ ಅನ್ನಬೇಕಾಗ್ತಿತ್ತು. ಅಷ್ಟು ಅನ್ನಾಕ ಬರಲಿಲ್ಲ ನನಗ.

...ಆ ಕಾಳು ಇತ್ತ ಕೊಡು. ಎರಡೂ ಕೊಡು.

ಯೂಸುಫಗ ಫೋನ್ ಹಚ್ಚು. ನೀ ಮಾತಾಡಬ್ಯಾಡ, ಹಚ್ಚಿ ನನ್ನ ಕಿವೀಗಿ ಹಿಡಿ ಸಾಕು. ನನ್ನ ಕೈ... ಎಣ್ಣಿ ಆಗ್ಯಾವ.